ಸಾಮಾನಿಗೆ ಕಾವಲುಂಟು, ಜೀವಕ್ಕೆ?

ಹೆಬ್ಬಾಳ ಮೇಲ್ಸೇತುವೆ ಇಳಿದು ಕೆಂಪಾಪುರಕ್ಕೆ ಬಂದರೆ, ಅಲ್ಲಿ ಬದುಕುವವರಲ್ಲಿ ಬಹಳ ಮಂದಿ ಇಂದಲ್ಲ ನಾಳೆ ಮನೆ ಬದಲಿಸುವವರೇ. ಹತ್ತಿರದಲ್ಲೇ ಮಾನ್ಯತಾ ಟೆಕ್ ಪಾರ್ಕ್, ಪಕ್ಕದಲ್ಲಿ ಬಳ್ಳಾರಿ ರಸ್ತೆ, ನಡುವೆ ಕಾಲೇಜುಗಳು, ಪಿಜಿಗಳು, ಮಹಡಿ ಮೇಲೆ ಮಹಡಿ ಬಾಡಿಗೆ ಮನೆಗಳು. ಹನ್ನೊಂದು ತಿಂಗಳ ಕರಾರು ಮುಗಿದವರು, ಕಂಪನಿ ಕೆಲಸಕ್ಕೆ ಆರು ತಿಂಗಳು ಹೊರದೇಶಕ್ಕೆ ಹೊರಟವರು, ತೀರಿಹೋದ ಹಿರಿಯರ ಮನೆ ಖಾಲಿ ಮಾಡಬೇಕಾದವರು, ಎಲ್ಲರಿಗೂ ಒಂದೇ ಚಿಂತೆ: ಸಾಮಾನು ಎಲ್ಲಿಡುವುದು? ಹಿಂದಾದರೆ ಊರಮನೆಯ ಅಟ್ಟವಿತ್ತು, ಅಣ್ಣನ ಮನೆಯ ಹಿತ್ತಿಲ ಕೋಣೆಯಿತ್ತು. ಈಗ ಆ ಕೆಲಸವನ್ನು ತಿಂಗಳ ಬಾಡಿಗೆಯ ಗೋದಾಮು ಮಾಡುತ್ತಿದೆ. ಸೆಲ್ಫ್ ಸ್ಟೋರೇಜ್ ಎಂದು ಹೆಸರಾದ ಈ ಏರ್ಪಾಡು ನಗರದ ನಿಜವಾದ ಅಗತ್ಯವೊಂದನ್ನು ಪೂರೈಸುತ್ತಿದೆ. ಆದ್ದರಿಂದಲೇ ಅದನ್ನು ನಿಷ್ಠುರವಾಗಿ ತೂಗಿ ನೋಡಬೇಕು.

ಈ ವ್ಯಾಪಾರದ ಜಾಹೀರಾತುಗಳಲ್ಲಿ ಸುರಕ್ಷತೆ ಎಂದರೆ ಸಿಸಿಟಿವಿ ಕ್ಯಾಮೆರಾ, ಹಗಲಿರುಳಿನ ಕಾವಲುಗಾರ, ಗಟ್ಟಿ ಬೀಗ, ಮೇಲಷ್ಟು ವಿಮೆ. ಎಲ್ಲವೂ ಕಳ್ಳನನ್ನು ನೆನೆದು ಮಾಡಿದ ಸಿದ್ಧತೆ. ಬೆಂಕಿ, ಹೊಗೆ, ಕುಸಿಯುವ ರ್‍ಯಾಕ್, ಭಾರ ಹೊರುವವನ ಬೆನ್ನು, ಮಳೆಯ ನೀರು, ಇಲಿ, ಕೀಟನಾಶಕದ ಹೊಗೆ, ಇವುಗಳ ಮಾತು ಅಲ್ಲಿ ಅಪರೂಪ. ಸಾಮಾನನ್ನು ಕಳ್ಳನಿಂದ ಕಾಯುವುದರಲ್ಲಿ ಈ ಏರ್ಪಾಡು ಮುಂದಿದೆ. ಆ ಸಾಮಾನಿನ ಸುತ್ತ ಓಡಾಡುವ ಮನುಷ್ಯರನ್ನು ಕಾಯುವುದರಲ್ಲಿ ಅದು ಹಿಂದುಳಿದಿದೆ. ನನ್ನ ಆಕ್ಷೇಪವಿರುವುದು ಇಲ್ಲೇ.

ಗೋದಾಮಿನ ದೊಡ್ಡ ಅಪಾಯ, ಒಳಗೇನಿದೆ ಎಂದು ಗೊತ್ತಿಲ್ಲದಿರುವುದು. 2021ರ ಸೆಪ್ಟೆಂಬರ್ 23ರಂದು ಬೆಂಗಳೂರಿನ ನ್ಯೂ ತರಗುಪೇಟೆಯಲ್ಲಿ ಸರಕು ಸಾಗಣೆಯ ಗೋದಾಮೊಂದರಲ್ಲಿ ಇಟ್ಟಿದ್ದ ಪಟಾಕಿ ಪೆಟ್ಟಿಗೆಗಳು ಹಾಡಹಗಲೇ ಸ್ಫೋಟಿಸಿದವು. ಸತ್ತವರಲ್ಲಿ ಪಕ್ಕದ ಪಂಕ್ಚರ್ ಅಂಗಡಿಯವರೂ ಒಬ್ಬರು. ಆ ಪೆಟ್ಟಿಗೆಗಳಿಗೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ಎರಡು ವರ್ಷದ ಬಳಿಕ, 2023ರ ಅಕ್ಟೋಬರ್ 7ರಂದು, ಅತ್ತಿಬೆಲೆಯ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಹತ್ತಾರು ಜೀವಗಳು ಹೋದವು. ಹೆಚ್ಚಿನವರು ಹಬ್ಬದ ಕಾಲದ ದುಡಿಮೆಗೆಂದು ತಮಿಳುನಾಡಿನಿಂದ ಬಂದಿದ್ದ ಎಳೆಯ ಹುಡುಗರು. ಅತ್ತಿಬೆಲೆಯಲ್ಲಿ ಇರುವುದು ಪಟಾಕಿ ಎಂದಾದರೂ ಗೊತ್ತಿತ್ತು. ತರಗುಪೇಟೆಯ ನೆರೆಹೊರೆಗೆ ಅದೂ ಗೊತ್ತಿರಲಿಲ್ಲ. ಬೀಗ ಹಾಕಿದ ನೂರು ಕೋಣೆಗಳ ಸ್ಟೋರೇಜ್ ಕಟ್ಟಡದ ಪಕ್ಕ ಮನೆ ಮಾಡಿರುವವರ ಸ್ಥಿತಿಯೂ ಅಷ್ಟೇ.

ಮನೆ ಸಾಮಾನಿನಲ್ಲಿ ಅಂಥ ಅಪಾಯವೇನಿದೆ ಎಂದು ಕೇಳುವವರುಂಟು. ಒಂದು ಸಾಮಾನ್ಯ ಸಂಸಾರದ ಗಂಟನ್ನು ಬಿಚ್ಚಿ ನೋಡಿ. ಫೋಮ್ ಹಾಸಿಗೆ, ಸೋಫಾ, ಬಟ್ಟೆ, ಪುಸ್ತಕ, ಪ್ಲೈವುಡ್ ಕಪಾಟು, ಪ್ಲಾಸ್ಟಿಕ್ ಡಬ್ಬಗಳು, ಎಲ್ಲವೂ ಉರಿಯುವಂಥವೇ. ಫೋಮ್ ಹತ್ತಿಕೊಂಡರೆ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಹೊಮ್ಮುತ್ತದೆ. ಬೆಂಕಿ ತಲುಪುವ ಮುನ್ನವೇ ಹೊಗೆ ಮನುಷ್ಯನನ್ನು ಕೆಡವುವುದು ಹೀಗೆ. ಅದರ ಜೊತೆಗೆ ಯಾರೋ ಮರೆತು ಕಳಿಸಿದ, ಅರ್ಧ ತುಂಬಿದ 14.2 ಕಿಲೋ ಅಡುಗೆ ಅನಿಲದ ಸಿಲಿಂಡರ್ ಇರಬಹುದು. ಬೈಕಿನ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್, ಬಣ್ಣ ಬಳಿದು ಮಿಕ್ಕಿದ ತಿನ್ನರ್ ಇರಬಹುದು. ಈಗ ಇವೆಲ್ಲಕ್ಕಿಂತ ಹೊಸ ಅಪಾಯ ಲಿಥಿಯಂ ಬ್ಯಾಟರಿ. ವಿದ್ಯುತ್ ಸ್ಕೂಟರು, ಹಳೆಯ ಲ್ಯಾಪ್‌ಟಾಪು, ಪವರ್ ಬ್ಯಾಂಕುಗಳಲ್ಲಿರುವ ಈ ಬ್ಯಾಟರಿ ಒಳಗೇ ಕೆಟ್ಟು ಕಾವೇರಿದರೆ ಹೊರಗಿನ ಕಿಡಿಯೇ ಬೇಡ. ಆರಿತೆಂದು ನೆಮ್ಮದಿಯಾದ ಮೇಲೂ ಮತ್ತೆ ಹೊತ್ತಿಕೊಳ್ಳಬಹುದು.

ಮನೆ ಸಾಮಾನಿನ ಗೋದಾಮೂ ಹೀಗೆ ಉರಿಯಬಲ್ಲದು ಎಂಬುದನ್ನು ಲಂಡನ್ ಬಹಳ ದೊಡ್ಡ ಬೆಲೆ ತೆತ್ತು ಕಲಿಯಿತು. 2018ರ ಡಿಸೆಂಬರ್ 31ರಂದು ಅಲ್ಲಿನ ಕ್ರಾಯ್ಡನ್‌ನ ಸೆಲ್ಫ್ ಸ್ಟೋರೇಜ್ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು ಸುಮಾರು 1,200 ಕೋಣೆಗಳು ಸುಟ್ಟು ಬೂದಿಯಾದವು. ಕಟ್ಟಡದಲ್ಲಿ ಸ್ಪ್ರಿಂಕ್ಲರ್ ಇರಲಿಲ್ಲ. ಸ್ಪ್ರಿಂಕ್ಲರ್ ದುಬಾರಿಯಾದರೂ ತತ್ವ ಸರಳ: ಚಾವಣಿಯ ಕೊಳವೆಯ ತುದಿಯಲ್ಲಿರುವ ಗಾಜಿನ ಬುರುಡೆ ಸಾಮಾನ್ಯವಾಗಿ 68 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಡೆದು, ಉರಿಯುವ ಜಾಗದ ಮೇಲಷ್ಟೇ ನೀರು ಸುರಿಯುತ್ತದೆ. ಕಾವಲುಗಾರ ನಿದ್ದೆಯಲ್ಲಿದ್ದರೂ ಅದು ಎಚ್ಚರವಾಗಿರುತ್ತದೆ. ಆದರೆ ಪೆಟ್ಟಿಗೆಗಳನ್ನು ಚಾವಣಿಗೆ ತಾಗುವಂತೆ ಪೇರಿಸಿದರೆ ನೀರು ಹರಡಲಾರದು, ನಡುವೆ ಸುಮಾರು ಅರ್ಧ ಮೀಟರ್ ತೆರವು ಬೇಕೇ ಬೇಕು. ಆ ಅರ್ಧ ಮೀಟರಿಗೂ ಬಾಡಿಗೆ ಹುಟ್ಟುತ್ತದೆ ಎಂಬ ಲೆಕ್ಕ ಬಂದಲ್ಲಿ ಯಂತ್ರವಿದ್ದೂ ಇಲ್ಲದಂತೆ.

ಕಾನೂನು ಈ ಕಟ್ಟಡಗಳನ್ನು ಗುರುತಿಸಿಲ್ಲವೆಂದಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ತನ್ನ ನಾಲ್ಕನೆಯ ಭಾಗದಲ್ಲಿ ಅಗ್ನಿ ಮತ್ತು ಜೀವ ಸುರಕ್ಷತೆಯನ್ನು ಹೇಳುತ್ತದೆ, ಸಂಗ್ರಹ ಕಟ್ಟಡಗಳನ್ನು ಎಚ್ ಗುಂಪು ಎಂದು ಬೇರೆಯಾಗಿಯೇ ಇಡುತ್ತದೆ. ಆದರೆ ಸಂಹಿತೆ ಶಿಫಾರಸು ಮಾಡಬಲ್ಲುದು, ಜಾರಿ ರಾಜ್ಯದ ಕೈಯಲ್ಲಿದೆ. ನಮ್ಮಲ್ಲಿ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರದ ಮಾತು ಬಂದಾಗ ಮುಖ್ಯವಾಗಿ ನೋಡುವುದು ಕಟ್ಟಡದ ಎತ್ತರವನ್ನು. ತಗಡಿನ ಚಾವಣಿಯ ಒಂದಂತಸ್ತಿನ ಶೆಡ್ಡು ಆ ಅಳತೆಯಲ್ಲಿ ನಿರುಪದ್ರವಿ. ಗೋದಾಮಿನ ಅಪಾಯವನ್ನು ಅಳೆಯಬೇಕಾದದ್ದು ಎತ್ತರದಿಂದಲ್ಲ, ಒಳಗೆ ತುಂಬಿರುವ ಉರುವಲಿನಿಂದ ಮತ್ತು ಹೊರಬರುವ ದಾರಿಗಳಿಂದ.

ಇನ್ನು ಹೊರುವವರ ವಿಷಯ. 2023ರ ಡಿಸೆಂಬರ್ 4ರಂದು ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದಲ್ಲಿ ಮೆಕ್ಕೆಜೋಳ ಸಂಗ್ರಹದ ಕಟ್ಟೋಣ ಕುಸಿಯಿತು, ಬಿಹಾರದಿಂದ ಬಂದಿದ್ದ ಏಳು ಕಾರ್ಮಿಕರು ಆ ರಾಶಿಯಡಿ ಸಿಕ್ಕಿ ಸತ್ತರು. ಅಲ್ಲಿ ಬೆಂಕಿಯಿರಲಿಲ್ಲ, ಸ್ಫೋಟವಿರಲಿಲ್ಲ. ಕೊಂದದ್ದು ಬರೀ ಭಾರ. ಮನೆ ಸಾಮಾನಿನ ಗೋದಾಮಿನಲ್ಲೂ ರ್‍ಯಾಕಿನ ಕಾಲುಗಳನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯದಿದ್ದರೆ, ಒಂದು ಅಂಕಣ ಎಷ್ಟು ಭಾರ ತಾಳುತ್ತದೆ ಎಂದು ಬರೆದು ಅಂಟಿಸದಿದ್ದರೆ, ಅದೇ ಅಪಾಯ ಚಿಕ್ಕ ಪ್ರಮಾಣದಲ್ಲಿ ಕಾದಿರುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಒಬ್ಬ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಶಿಫಾರಸು ಮಾಡಿತು. ಕೆಂಪಾಪುರದಲ್ಲಿ ಲಿಫ್ಟ್ ಇಲ್ಲದ ಮೂರನೇ ಮಹಡಿಯಿಂದ ಎರಡು ಬಾಗಿಲಿನ ಫ್ರಿಜ್ಜನ್ನು ಬೆನ್ನಿಗೆ ಪಟ್ಟಿ ಕಟ್ಟಿ ಇಳಿಸುವ ಹುಡುಗನಿಗೆ ಈ ಲೆಕ್ಕ ಯಾರು ಹೇಳಿದ್ದಾರೆ? ಅವನಿಗೆ ಟ್ರಾಲಿ, ಕೈಗವಸು, ಮುಂಭಾಗ ಗಟ್ಟಿಯಾದ ಬೂಟು ಸಿಕ್ಕಿವೆಯೇ? ವಿಮೆ ಮಾಡಿಸುವಾಗ ಫ್ರಿಜ್ಜಿನ ಹೆಸರಿದ್ದು ಅವನ ಹೆಸರಿಲ್ಲದಿದ್ದರೆ ಆ ಸೇವೆಯನ್ನು ಒಳ್ಳೆಯದೆಂದು ನಾನು ಒಪ್ಪಲಾರೆ.

ಆರೋಗ್ಯದ ಕೇಡುಗಳು ಸದ್ದಿಲ್ಲದೆ ಬರುತ್ತವೆ. 2021ರ ನವೆಂಬರ್ ಮಳೆಗೆ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯ ಜಲಾವೃತವಾಗಿ ನಿವಾಸಿಗಳನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. ಕೆರೆಗಳ ಸಾಲಿನಲ್ಲಿ ಕಟ್ಟಿಕೊಂಡ ಈ ಉತ್ತರ ಬೆಂಗಳೂರಿನಲ್ಲಿ ನೆಲಮಾಳಿಗೆಯ ಗೋದಾಮು ಎಂದರೆ ನೀರಿಗೆ ಕೊಟ್ಟ ಆಹ್ವಾನ. ನೀರು ಇಳಿದ ಮೇಲೂ ಬೂಷ್ಟು ಉಳಿಯುತ್ತದೆ, ಉಬ್ಬಸವಿರುವವರಿಗೆ ಅದೇ ಸಾಕು. ಇಲಿಯ ಮೂತ್ರ ಬಿದ್ದ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಇಲಿ ಜ್ವರದ ಭಯ. ಇಲಿ, ಜಿರಳೆ, ಗೆದ್ದಲಿಗೆಂದು ಮುಚ್ಚಿದ ಕೋಣೆಗೆ ಔಷಧ ಹೊಡೆದು, ಗಾಳಿಯಾಡಿಸದೆ ಮರುದಿನ ಗಿರಾಕಿಯನ್ನೋ ಕೆಲಸದವರನ್ನೋ ಒಳಗೆ ಕಳಿಸುವುದು ಇನ್ನೂ ಕೆಟ್ಟದ್ದು. ಪ್ಯಾಲೆಟ್ ಮೇಲೆ ಎತ್ತರಿಸಿದ ಸಾಮಾನು, ಗಾಳಿ ಹೊರದೂಡುವ ಫ್ಯಾನು, ಔಷಧ ಹೊಡೆದ ದಿನಾಂಕ ಬರೆದ ಫಲಕ, ಇವಕ್ಕೆ ಹೆಚ್ಚು ಹಣವೇನೂ ಬೇಡ.

ಈ ಏರ್ಪಾಡಿನ ಒಂದು ದೊಡ್ಡ ಗುಣವನ್ನು ಹೇಳದೆ ಹೋದರೆ ಅನ್ಯಾಯವಾದೀತು. ಪಶ್ಚಿಮದ ದೇಶಗಳಲ್ಲಿ ಗಿರಾಕಿಯೇ ಸಾಮಾನು ತಂದಿಟ್ಟು ಬೀಗ ಹಾಕಿ ಹೋಗುತ್ತಾನೆ, ಒಳಗಿನದು ಗೋದಾಮಿನ ಮಾಲೀಕನಿಗೂ ತಿಳಿಯದು. ನಮ್ಮಲ್ಲಿ ಬಹಳ ಕಡೆ ಸಂಸ್ಥೆಯ ಹುಡುಗರೇ ಮನೆಗೆ ಬಂದು ಒಂದೊಂದನ್ನೂ ಫೋಟೋ ತೆಗೆದು, ಚೀಟಿ ಅಂಟಿಸಿ, ಪಟ್ಟಿ ಮಾಡಿ ಒಯ್ಯುತ್ತಾರೆ. ತರಗುಪೇಟೆಯಲ್ಲಿ ಇಲ್ಲದಿದ್ದ ಅರಿವು ಈ ಪಟ್ಟಿಯಲ್ಲಿದೆ. ಆದರೆ ಅದು ಬಾಡಿಗೆ ಲೆಕ್ಕಕ್ಕೆ, ಕಳೆದುಹೋದದ್ದರ ತಕರಾರಿಗೆ ಮಾತ್ರ ಬಳಕೆಯಾಗುತ್ತಿದ್ದರೆ ಕೈಯಲ್ಲಿರುವ ಬಲು ಒಳ್ಳೆಯ ಸಾಧನವನ್ನು ವ್ಯರ್ಥ ಮಾಡಿದಂತೆ. ಅದೇ ಪಟ್ಟಿ ಮಾಡುವ ಹೊತ್ತಿನಲ್ಲಿ ಸಿಲಿಂಡರನ್ನು ಹಿಂದೆ ಬಿಡಿಸಬಹುದು, ಪೆಟ್ರೋಲ್ ಖಾಲಿ ಮಾಡಿಸಬಹುದು, ಬ್ಯಾಟರಿಗಳನ್ನು ಕಳಚಿ ಮಾಲೀಕರ ಕೈಗೇ ಕೊಡಬಹುದು. ಐವತ್ತೈದು ಕಿಲೋ ಮೀರಿದ್ದಕ್ಕೆ ಇಬ್ಬರು ಆಳು ಎಂದು ಅಲ್ಲೇ ಗುರುತು ಹಾಕಬಹುದು. ಯಾವ ಸಾಲಿನಲ್ಲಿ ಏನಿದೆ ಎಂಬ ನಕ್ಷೆಯನ್ನು ಗೇಟಿನ ಬಳಿಯೂ ಸಮೀಪದ ಅಗ್ನಿಶಾಮಕ ಠಾಣೆಯಲ್ಲಿಯೂ ಇಡಬಹುದು. ಹೊಗೆ ತುಂಬಿದ ಕತ್ತಲಿಗೆ ನುಗ್ಗುವ ಅಗ್ನಿಶಾಮಕ ಸಿಬ್ಬಂದಿಗೆ ಆ ನಕ್ಷೆಯೇ ಕಣ್ಣು.

ಗಿರಾಕಿಗಳಾದ ನಮ್ಮ ಪಾಲೂ ಇದರಲ್ಲಿದೆ. ತಿಂಗಳಿಗೆ ಎಷ್ಟು ಎಂದು ಕೇಳಿ ಸುಮ್ಮನಾಗುತ್ತೇವೆ. ಸ್ಪ್ರಿಂಕ್ಲರ್ ಇದೆಯೇ, ಹೊಗೆ ಎಚ್ಚರಿಕೆಯ ಗಂಟೆಯನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ, ಎರಡನೆಯ ಬಾಗಿಲು ಎಲ್ಲಿದೆ, ಅದಕ್ಕೆ ಅಡ್ಡಲಾಗಿ ಏನನ್ನಾದರೂ ಇಟ್ಟಿದ್ದೀರಾ, ಕೆಲಸದವರಿಗೆ ಅಪಘಾತ ವಿಮೆ ಇದೆಯೇ ಎಂಬ ಐದು ಪ್ರಶ್ನೆಗಳನ್ನು ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ. ಉತ್ತರವಿಲ್ಲದ ಕಡೆ ಸಾಮಾನು ಇಡಬಾರದು. ಅಪಾಯದ ವಸ್ತುವನ್ನು ಬಚ್ಚಿಟ್ಟು ಕಳಿಸುವವರು ಪಕ್ಕದ ಬೀದಿಯ ಜೀವಗಳನ್ನು ಪಣಕ್ಕೊಡ್ಡುತ್ತಿದ್ದಾರೆ ಎಂದೂ ನೆನಪಿರಲಿ. ಸರ್ಕಾರ ಎತ್ತರದ ಅಳತೆ ಬಿಟ್ಟು ಸಂಗ್ರಹದ ಅಳತೆಗೆ ಬರಬೇಕು, ಸಂಸ್ಥೆಗಳು ತಮ್ಮ ಪಟ್ಟಿಯನ್ನು ಜೀವರಕ್ಷಣೆಗೆ ತಿರುಗಿಸಬೇಕು. ಫ್ರಿಜ್ಜು ಹೋದರೆ ವಿಮೆಯ ಹಣದಲ್ಲಿ ಇನ್ನೊಂದು ಬರುತ್ತದೆ. ಅದನ್ನು ಹೊತ್ತು ಇಳಿಸಿದ ಹುಡುಗನಿಗೆ ಹಾಗೆ ಬದಲಿಯಿಲ್ಲ. ಈ ವ್ಯತ್ಯಾಸವನ್ನು ತನ್ನ ನಿಯಮಗಳಲ್ಲಿ ಬರೆದುಕೊಂಡ ಗೋದಾಮನ್ನು ಮಾತ್ರ ಸುರಕ್ಷಿತವೆಂದು ಕರೆಯಬಹುದು.