ಯಯಾತಿಯ ಮನೆಯಲ್ಲಿ ನಾವು ಯಾರು?



ಪೊನ್ನಂಪೇಟೆಯ ಆಸುಪಾಸಿನಲ್ಲಿ ಕಾಫಿ ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಹಣ್ಣು ಚೀಲ ಸೇರಿದ ಮೇಲೆ ಕೆಲವು ಮನೆಗಳಲ್ಲಿ ಒಂದು ಮಾತು ತಾನಾಗಿ ಏಳುತ್ತದೆ: "ನನ್ನ ನಂತರ ಈ ತೋಟವನ್ನು ನೋಡುವವರು ಯಾರು?" ಮಗ ಬೆಂಗಳೂರಿನಲ್ಲಿದ್ದಾನೆ, ಅಥವಾ ಇನ್ನೂ ದೂರದಲ್ಲಿದ್ದಾನೆ. ತೋಟದ ಒಡೆತನವಿಲ್ಲದೆ ಲೈನುಮನೆಗಳಲ್ಲಿ ಬದುಕುವ ಕುಟುಂಬಗಳಲ್ಲಿ ಇದೇ ಮಾತು ಬೇರೆ ರೂಪ ತಾಳುತ್ತದೆ: ತಮ್ಮನ ಫೀಸಿಗಾಗಿ ಅಕ್ಕ ತನ್ನ ಓದನ್ನು ನಿಲ್ಲಿಸಬೇಕೆ? ಎರಡರ ಹಿಂದೆಯೂ ಇರುವ ಪ್ರಶ್ನೆ ಒಂದೇ. ಒಬ್ಬರ ನಾಳೆಯನ್ನು ಇನ್ನೊಬ್ಬರು ಎಷ್ಟರ ಮಟ್ಟಿಗೆ ಕೇಳಬಹುದು?

ಕನ್ನಡದಲ್ಲಿ ಈ ಪ್ರಶ್ನೆಯನ್ನು ತೀಕ್ಷ್ಣವಾಗಿ ಎತ್ತಿದ ಕೃತಿಗಳಲ್ಲಿ ಗಿರೀಶ ಕಾರ್ನಾಡರ 'ಯಯಾತಿ' ನಾಟಕವೂ ಒಂದು. ಧಾರವಾಡದ ಮನೋಹರ ಗ್ರಂಥಮಾಲೆಯು 1961ರಲ್ಲಿ ಇದನ್ನು ಪ್ರಕಟಿಸಿತು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಕಾರ್ಲ್ ಯೂಂಗ್ ತೀರಿಕೊಂಡರು. ಈ ಎರಡು ಸಂಗತಿಗಳಿಗೆ ಸಂಬಂಧವಿಲ್ಲ. ಆದರೆ ಯೂಂಗರ ಒಂದು ವಿಚಾರ ಈ ನಾಟಕದ ಓದಿಗೆ ಸಹಾಯಕವಾಗುತ್ತದೆ. ಆ ವಿಚಾರವನ್ನು ಎಲ್ಲಿ ಎಚ್ಚರದಿಂದ ಬಳಸಬೇಕೆಂಬುದನ್ನು ನಾಟಕವೂ ನಮಗೆ ಕಲಿಸುತ್ತದೆ.

ಯೂಂಗ್ ನಮ್ಮ ನಾಡಿಗೆ ತೀರಾ ಅಪರಿಚಿತರಲ್ಲ. 1937ರ ಕೊನೆಯಲ್ಲಿ ಭಾರತಕ್ಕೆ ಬಂದ ಅವರು, ಮೈಸೂರು ಮಹಾರಾಜರ ಗುರುಗಳಾಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ಅವರೊಡನೆ ಗಾಢವಾದ ಸಂಭಾಷಣೆ ನಡೆಸಿದ್ದರು. ತಾಯಿ, ವೀರ, ವೃದ್ಧಜ್ಞಾನಿ, ದೈವಿಕ ಶಿಶು ಮುಂತಾದ ಚಿತ್ರಗಳು ದೇಶದೇಶಗಳ ಪುರಾಣಗಳಲ್ಲಿಯೂ ಸಾಮಾನ್ಯರ ಕನಸುಗಳಲ್ಲಿಯೂ ಮರಳಿ ಮರಳಿ ಬರುವುದನ್ನು ಅವರು ಗಮನಿಸಿದರು. ಮನುಷ್ಯಕುಲಕ್ಕೆಲ್ಲ ಸಾಮಾನ್ಯವಾದ ಒಂದು ಅಪ್ರಜ್ಞೆಯಲ್ಲಿ ಇವುಗಳ ಅಚ್ಚುಗಳಿವೆ ಎಂಬುದು ಅವರ ಊಹೆ. ಈ ಅಚ್ಚುಗಳನ್ನು ಮೂಲಪ್ರತಿಮೆಗಳೆಂದು ಕರೆಯಬಹುದು. ಇದು ಪ್ರಯೋಗಶಾಲೆಯಲ್ಲಿ ಸಾಧಿಸಿ ತೋರಿಸಿದ ಸತ್ಯವಲ್ಲ. ಮನಸ್ಸನ್ನು ನೋಡುವ ಒಂದು ಬಗೆ. ನಾವು ಒಪ್ಪಿಕೊಳ್ಳಲು ನಿರಾಕರಿಸುವ ನಮ್ಮದೇ ಮುಖವನ್ನು ಯೂಂಗ್ 'ನೆರಳು' ಎಂದು ಕರೆದರು. ನನ್ನ ದೃಷ್ಟಿಯಲ್ಲಿ ಅವರ ವಿಚಾರಗಳಲ್ಲೆಲ್ಲ ಗೃಹಸ್ಥರಿಗೆ ಹೆಚ್ಚು ಪ್ರಯೋಜನಕಾರಿಯಾದುದು ಇದೇ.

ಈಗ ನಾಟಕಕ್ಕೆ ಬರೋಣ. ಶುಕ್ರಾಚಾರ್ಯರ ಶಾಪದಿಂದ ಯಯಾತಿ ಅಕಾಲ ಮುಪ್ಪಿಗೆ ತುತ್ತಾಗುತ್ತಾನೆ. ಯಾರಾದರೂ ಆ ಮುಪ್ಪನ್ನು ಸ್ವೀಕರಿಸಿದರೆ ಅವನಿಗೆ ಯೌವನ ಉಳಿಯುತ್ತದೆ. ಮಗನಾದ ಪೂರು ಅದನ್ನು ಹೊರುತ್ತಾನೆ. ಇಷ್ಟು ಮಹಾಭಾರತದಲ್ಲಿದೆ. ಕಾರ್ನಾಡರು ಇದಕ್ಕೆ ಪೂರುವಿನ ನವವಧು ಚಿತ್ರಲೇಖೆಯನ್ನು ಸೇರಿಸಿದರು. ಒಂದೇ ರಾತ್ರಿಯಲ್ಲಿ ಮುದುಕನಾದ ಗಂಡನನ್ನು ಕಂಡ ಆಕೆ ಮಾವನನ್ನು ನೇರವಾಗಿ ಎದುರಿಸುತ್ತಾಳೆ. ಅವಳ ಪ್ರಶ್ನೆಗೆ ಅವನಲ್ಲಿ ಉತ್ತರವಿಲ್ಲ. ಅವಳು ವಿಷ ಕುಡಿದು ಸತ್ತ ಮೇಲೆಯೇ ಯಯಾತಿಯ ಕಣ್ಣು ತೆರೆಯುವುದು.

ಈ ನಾಟಕ ಹುಟ್ಟಿದ ಬಗೆಯನ್ನು ಕಾರ್ನಾಡರೇ ಹೇಳಿದ್ದಾರೆ. ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೊರಟಿದ್ದ ತರುಣನ ಮನೆಯಲ್ಲಿ, ಹೋದವನು ಮರಳಿ ಬರುವನೇ ಎಂಬ ಆತಂಕ ತುಂಬಿತ್ತು. ಆ ಬಿಗುವಿನ ದಿನಗಳಲ್ಲಿ ಬರೆಯಲು ಕುಳಿತಾಗ ಒದಗಿಬಂದದ್ದು ಯಯಾತಿಯ ಕಥೆ. ಹಿರಿಯರಿಗಾಗಿ ತನ್ನ ಭವಿಷ್ಯ ಬಲಿಯಾದೀತೆಂಬ ತನ್ನದೇ ಅಳುಕು ಅದರಲ್ಲಿದೆ ಎಂಬುದು ಅವರಿಗೆ ಅನಂತರ ಹೊಳೆಯಿತು. ತರ್ಕದಿಂದ ತಿಳಿಯಲಾಗದಿದ್ದ ತನ್ನ ಮನಸ್ಸನ್ನು ಪುರಾಣವೊಂದು ತಿಳಿಸಿಕೊಟ್ಟಿತು. ಮೂಲಪ್ರತಿಮೆಯೊಂದು ವ್ಯಕ್ತಿಗೆ ತನ್ನನ್ನು ತೋರಿಸಿಕೊಡುವುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಕಂಡಿಲ್ಲ.

ಆದರೆ ನಾಟಕ ತರುಣನ ದೂರಿನಲ್ಲಿ ನಿಂತುಬಿಡುವುದಿಲ್ಲ. ಅದರ ಶ್ರೇಷ್ಠತೆ ಇರುವುದೇ ಇಲ್ಲಿ. ಯಯಾತಿ ರಾಕ್ಷಸನಲ್ಲ. ಮುಪ್ಪಿಗೆ ಅಂಜುವ, ಬಾಳು ಇನ್ನಷ್ಟು ಬೇಕೆನ್ನುವ ಮನುಷ್ಯ. ಪೂರುವಿನ ತ್ಯಾಗವೂ ನಿರ್ಮಲವಲ್ಲ. ಮಹಾವಂಶದ ಎದುರು ತಾನು ಏನೂ ಅಲ್ಲವೆಂಬ ಕೀಳರಿಮೆ, ಒಂದೇ ನೆಗೆತದಲ್ಲಿ ದೊಡ್ಡವನಾಗುವ ಆಸೆ, ಎರಡೂ ಅದರಲ್ಲಿ ಬೆರೆತಿವೆ. ಹೆಂಡತಿಯನ್ನು ಕೇಳದೆಯೇ ಅವನು ಅವಳ ಬದುಕನ್ನೂ ದಾನಮಾಡುತ್ತಾನೆ. ನಾಟಕದಲ್ಲಿ ನನಗೆ ತೊಡಕಾಗಿ ಕಾಣುವುದು ಒಂದೇ ಅಂಶ: ಅತಿ ಸ್ಪಷ್ಟವಾಗಿ ಮಾತನಾಡುವ ಹೆಣ್ಣು, ಇಬ್ಬರು ಗಂಡಸರ ಎಚ್ಚರಕ್ಕಾಗಿ ಸಾಯಬೇಕಾಯಿತು. ಆಕೆ ಬದುಕಿದ್ದು ಪ್ರಶ್ನಿಸುತ್ತಲೇ ಇದ್ದಿದ್ದರೆ ಯಯಾತಿಗೆ ಕಾಡಿಗೆ ಹೋಗುವುದು ಅಷ್ಟು ಸುಲಭವಾಗುತ್ತಿರಲಿಲ್ಲ.

ಈ ಓದಿನಿಂದ ನಮಗೊಂದು ಎಚ್ಚರಿಕೆ ದೊರೆಯುತ್ತದೆ. ಇಂದು ತರಬೇತಿ ಶಿಬಿರಗಳಲ್ಲಿಯೂ ಮೊಬೈಲುಗಳಲ್ಲಿಯೂ ಹನ್ನೆರಡು ಮೂಲಪ್ರತಿಮೆಗಳ ಪರೀಕ್ಷೆಗಳಿವೆ. ಹತ್ತಿಪ್ಪತ್ತು ಪ್ರಶ್ನೆಗಳಿಗೆ ಉತ್ತರಿಸಿದರೆ ನೀವು 'ವೀರ' ಅಥವಾ 'ಪೋಷಕಿ' ಎಂಬ ಬಿರುದು ಬರುತ್ತದೆ. ಈ ಹನ್ನೆರಡರ ಪಟ್ಟಿ ಯೂಂಗರದಲ್ಲ; ಅಮೆರಿಕದ ಕ್ಯಾರಲ್ ಪಿಯರ್ಸನ್ 1991ರ ತಮ್ಮ ಪುಸ್ತಕದಲ್ಲಿ ಇಂಥದೊಂದು ಪಟ್ಟಿಯನ್ನು ನೀಡಿದರು. ಬಿರುದು ಹಿತವಾಗಿರುತ್ತದೆ, ತೊಂದರೆಯೂ ಅದೇ. 'ಪೋಷಕಿ' ಎನಿಸಿಕೊಂಡ ತಾಯಿಗೆ, ತನ್ನ ಪೋಷಣೆ ಮಗನ ಕಾಲಿಗೆ ಹಗ್ಗವಾಗಿರುವುದು ಕಾಣಿಸದೆ ಹೋಗಬಹುದು. 'ನಾನು ಇರುವುದೇ ಹೀಗೆ' ಎಂಬ ನೆಪಕ್ಕೂ ಆ ಬಿರುದು ಒದಗಬಹುದು.

ಯೇಸುಸ್ವಾಮಿ ಹೇಳಿದ ದುಂದುಗಾರ ಮಗನ ಸಾಮತಿಯನ್ನು ನೆನೆಯಿರಿ. ಕೇಳಿದವರೆಲ್ಲ ತಮ್ಮನ್ನು ಕಿರಿಯ ಮಗನೆಂದೇ ಭಾವಿಸಿ ಕಣ್ಣೀರಿಡುವುದು ಸುಲಭ. ಆದರೆ ಲೂಕನ 15ನೆಯ ಅಧ್ಯಾಯ ಮುಗಿಯುವುದು ಮನೆಯ ಹೊರಗೆ ನಿಂತಿರುವ ಹಿರಿಯ ಮಗನೊಂದಿಗೆ ತಂದೆ ಆಡುವ ಮಾತಿನಲ್ಲಿ. ಅವನು ಒಳಗೆ ಹೋದನೇ ಎಂಬುದನ್ನು ಸಾಮತಿ ಹೇಳುವುದಿಲ್ಲ. ಆ ಜಾಗವನ್ನು ನಮಗಾಗಿ ಖಾಲಿ ಬಿಟ್ಟಿದೆ.

ಆದ್ದರಿಂದ 'ಯಯಾತಿ'ಯನ್ನು ಮನೆಯಲ್ಲಿ ಓದುವುದಾದರೆ ಪಾತ್ರಗಳನ್ನು ಅದಲುಬದಲು ಮಾಡಿಕೊಂಡು ಓದಿ. ತಂದೆ ಪೂರುವಿನ ಮಾತುಗಳನ್ನು ಓದಲಿ. ಮಗ ಯಯಾತಿಯ ಮುಪ್ಪಿನ ಭಯವನ್ನು ಓದಲಿ. ಚಿತ್ರಲೇಖೆಯ ಮಾತುಗಳನ್ನು, ಮನೆಯ ನಿರ್ಧಾರಗಳಲ್ಲಿ ಇದುವರೆಗೆ ಯಾರೂ ಅಭಿಪ್ರಾಯ ಕೇಳದಿರುವವರು ಓದಲಿ. ಯಾವ ಪಾತ್ರ ನಿಮಗೆ ಪ್ರಿಯವೆಂಬುದು ನಿಮ್ಮ ಸ್ವಭಾವದ ಬಗ್ಗೆ ಸ್ವಲ್ಪವೇ ಹೇಳುತ್ತದೆ. ಯಾವ ಪಾತ್ರದ ಮಾತನ್ನು ಓದುವಾಗ ನಿಮ್ಮ ದನಿ ತಡವರಿಸುತ್ತದೆಯೋ, ಅಲ್ಲಿ ಒಂದು ಕ್ಷಣ ನಿಲ್ಲಿ. ತೋಟದ ಮಾತು, ಫೀಸಿನ ಮಾತು ಮತ್ತೆ ಎದ್ದಾಗ, ಆ ತಡವರಿಕೆಯಿಂದಲೇ ಮಾತು ಮೊದಲಾಗಲಿ.