ಕಾಫಿ ಬಿಟ್ಟರೆ ಬಾಡಿಗೆ ಇಳಿಯುವುದಿಲ್ಲ

ಹೊಸದಾಗಿ ಸಂಸಾರ ಹೂಡಿದ ಗಂಡ ಹೆಂಡತಿಗೆ ಎಲ್ಲ ಕಡೆಯಿಂದಲೂ ಸಿಗುವ ಬುದ್ಧಿಮಾತು ಒಂದೇ: ಸಣ್ಣ ಖರ್ಚನ್ನು ಹಿಡಿತದಲ್ಲಿಡಿ. ಹೊರಗಿನ ತಿಂಡಿ ಬಿಡಿ, ಮೊಬೈಲಿನಲ್ಲಿ ಊಟ ತರಿಸಬೇಡಿ, ಹತ್ತು ರೂಪಾಯಿ ಖರ್ಚಾದರೂ ಬರೆದಿಡಿ, ತಿಂಗಳ ಕೊನೆಗೆ ದುಡ್ಡು ತಾನಾಗಿ ಉಳಿಯುತ್ತದೆ. ಊರಿನಿಂದ ಬಂದ ಅತ್ತೆ ಮಾವ ಹೇಳುವುದೂ ಇದನ್ನೇ, ಪತ್ರಿಕೆಯ ಹಣಕಾಸು ಅಂಕಣ ಹೇಳುವುದೂ ಇದನ್ನೇ, ರೀಲ್ಸ್‌ನಲ್ಲಿ ಸಲಹೆ ಕೊಡುವ ಹುಡುಗ ಹೇಳುವುದೂ ಇದನ್ನೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇದರ ಬೆನ್ನಿಗೆ ಸದಾ ನಿಂತಿರುತ್ತದೆ. ಬೆಂಗಳೂರಿನಂಥ ನಗರದಲ್ಲಿ ಬಾಡಿಗೆ ಮನೆಯಲ್ಲಿದ್ದುಕೊಂಡು ಒಂದು ಮಗುವನ್ನು ಸಾಕುತ್ತಿರುವ ಸಂಸಾರಕ್ಕೆ ಈ ಉಪದೇಶ ಉಪಯೋಗಕ್ಕೆ ಬರುವುದಿಲ್ಲ. ಅಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಅದು ಕೆಡುಕನ್ನೂ ಮಾಡುತ್ತದೆ: ಹಣ ಸೋರುವ ಜಾಗದಿಂದ ಕಣ್ಣು ತಪ್ಪಿಸುತ್ತದೆ, ಸೋರಿದ್ದರ ತಪ್ಪನ್ನು ಅಡುಗೆಮನೆಯ ಮೇಲೆ ಹೊರಿಸುತ್ತದೆ.

ಲೆಕ್ಕವನ್ನೇ ಹಾಕೋಣ. ವಿಜಯನಗರದಲ್ಲೋ ನಾಗಸಂದ್ರದಲ್ಲೋ ಒಂದು ಮನೆ ಎಂದುಕೊಳ್ಳಿ. ಇಬ್ಬರೂ ದುಡಿಯುತ್ತಾರೆ, ಇಬ್ಬರದೂ ಸೇರಿ ಕೈಗೆ ಬರುವ ಸಂಬಳ 75,000 ರೂಪಾಯಿ, ಯುಕೆಜಿಗೆ ಹೋಗುವ ಒಂದು ಮಗು. ಬಾಡಿಗೆ 22,000. ಶಾಲೆಯ ಫೀಸು ವರ್ಷಕ್ಕೆ 90,000, ತಿಂಗಳಿಗೆ ಹಂಚಿದರೆ 7,500. ಶಾಲೆಯ ವ್ಯಾನಿಗೆ 2,500. ಸ್ಕೂಟರಿನ ಕಂತು 4,500. ಊರಿನಲ್ಲಿರುವ ಅಪ್ಪ ಅಮ್ಮನ ಔಷಧಿಗೆ, ಮೇಲುಖರ್ಚಿಗೆ 8,000. ವಿಮೆಗೆ 3,000. ಇಲ್ಲಿಗೇ 47,500 ಆಯಿತು. ಸಂಬಳ ಬ್ಯಾಂಕಿಗೆ ಬೀಳುವ ಮೊದಲೇ ಅದರಲ್ಲಿ ಶೇ 63ರಷ್ಟು ಬೇರೆಯವರದಾಗಿದೆ. ದಿನಸಿ, ಹಾಲು, ತರಕಾರಿಗೆ 14,000; ಪೆಟ್ರೋಲು, ಮೆಟ್ರೊಗೆ 5,000; ಕರೆಂಟು, ಗ್ಯಾಸು, ಫೋನಿಗೆ 3,500. ಇನ್ನು ಉಳಿದದ್ದು 5,000. ಭಾನುವಾರದ ಮಸಾಲೆ ದೋಸೆ, ಎಂದೋ ಒಂದು ಸಿನಿಮಾ, ಸುಸ್ತಾದ ರಾತ್ರಿ ತರಿಸಿಕೊಂಡ ಬಿರಿಯಾನಿ, ಮಗುವಿನ ಗೆಳೆಯನ ಹುಟ್ಟುಹಬ್ಬಕ್ಕೆ ಒಂದು ಉಡುಗೊರೆ, ಎಲ್ಲವೂ ಈ ಐದು ಸಾವಿರದೊಳಗೆ.

ಈ ದಂಪತಿ ಬುದ್ಧಿಮಾತನ್ನು ಚಾಚೂ ತಪ್ಪದೆ ಪಾಲಿಸಿದರು ಎನ್ನೋಣ. ತಿಂಡಿ ತಿರುಗಾಟಕ್ಕೆ ಆಗುತ್ತಿದ್ದ ನಾಲ್ಕು ಸಾವಿರವನ್ನು ಎರಡಕ್ಕೆ ಇಳಿಸಿದರು. ವರ್ಷಕ್ಕೆ 24,000 ಉಳಿಯಿತು. ಹನ್ನೊಂದು ತಿಂಗಳ ಅಗ್ರಿಮೆಂಟು ಮುಗಿದ ದಿನ ಮನೆ ಮಾಲೀಕರು ಬಾಡಿಗೆ ಶೇ 10 ಏರಿಸುತ್ತಾರೆ. ತಿಂಗಳಿಗೆ 2,200, ವರ್ಷಕ್ಕೆ 26,400. ವರ್ಷವಿಡೀ ಬಾಯಿ ಕಟ್ಟಿ ಉಳಿಸಿದ್ದು ಬಾಗಿಲಲ್ಲಿ ನಿಂತು ಆಡಿದ ಎರಡು ನಿಮಿಷದ ಮಾತಿಗೆ ಹೋಯಿತು, ಮೇಲೆ 2,400 ಸಾಲದೆಯೂ ಬಂತು. ಹಾಸಿಗೆಯ ಉದ್ದ ಗೊತ್ತಿದ್ದರೆ ತಾನೇ ಕಾಲನ್ನು ಅಳತೆ ಮಾಡಿ ಚಾಚುವುದು? ಇಲ್ಲಿ ಹಾಸಿಗೆಯನ್ನೇ ವರ್ಷಕ್ಕೊಮ್ಮೆ ಬೇರೆಯವರು ಕತ್ತರಿಸುತ್ತಿದ್ದಾರೆ.

ಇದಕ್ಕೆ ಹಿರಿಯರ ಉತ್ತರ ಸಿದ್ಧವಾಗಿದೆ: ನಾವು ಒಂದೇ ಸಂಬಳದಲ್ಲಿ ಮೂರು ಮಕ್ಕಳನ್ನು ಓದಿಸಲಿಲ್ಲವೇ? ಓದಿಸಿದಿರಿ, ಆ ಶ್ರಮದ ಮೇಲೆ ನನಗೆ ದೊಡ್ಡ ಗೌರವವಿದೆ. ಆದರೆ ಆ ಒಂದು ಸಂಬಳ ಏನೇನನ್ನು ಹೊರಬೇಕಾಗಿತ್ತು, ಏನನ್ನು ಹೊರಬೇಕಾಗಿರಲಿಲ್ಲ ಎಂಬುದನ್ನೂ ನೆನೆಯಬೇಕು. ದೂರವಾಣಿನಗರದ ಐಟಿಐ, ಜಾಲಹಳ್ಳಿಯ ಎಚ್‌ಎಂಟಿ ಮತ್ತು ಬಿಇಎಲ್ ಬೆಂಗಳೂರಿಗೆ ಬಂದದ್ದು 1948ರಿಂದ 1954ರ ನಡುವೆ. ಈ ಕಾರ್ಖಾನೆಗಳು ಕೆಲಸಗಾರರಿಗೆ ಬರಿಯ ಸಂಬಳ ಕೊಡಲಿಲ್ಲ. ಕ್ವಾರ್ಟರ್ಸ್ ಕಟ್ಟಿದವು, ಶಾಲೆ ನಡೆಸಿದವು, ಆಸ್ಪತ್ರೆ ಇಟ್ಟವು, ಕಾರ್ಖಾನೆಯ ಬಸ್ಸು ಓಡಿಸಿದವು, ಕ್ಯಾಂಟೀನಿನಲ್ಲಿ ಕಡಿಮೆ ಬೆಲೆಗೆ ಊಟ ಹಾಕಿದವು. ಕ್ವಾರ್ಟರ್ಸ್ ಸಿಗದ ಸರ್ಕಾರಿ ನೌಕರನಿಗೂ ಮಕ್ಕಳನ್ನು ಕಳಿಸಲು ನಡೆದು ಹೋಗುವಷ್ಟು ಹತ್ತಿರದಲ್ಲಿ ಸರ್ಕಾರಿ ಶಾಲೆಯಿತ್ತು, ಊರಿನಿಂದ ವರ್ಷದ ರಾಗಿಯೋ ಭತ್ತವೋ ಬಸ್ಸಿನ ಮೇಲೆ ಬರುತ್ತಿತ್ತು. ಮನೆ, ಶಾಲೆ, ಆಸ್ಪತ್ರೆ, ಓಡಾಟ ಎಂಬ ನಾಲ್ಕು ಭಾರಗಳು ಬಹುಮಟ್ಟಿಗೆ ಸಂಬಳದ ಹೊರಗಿದ್ದವು. ಒಳಗಿದ್ದದ್ದು ದಿನಸಿ, ಬಟ್ಟೆ, ಹಬ್ಬ. ಅಂಥ ಸಂಸಾರದಲ್ಲಿ ಎಣ್ಣೆ ಸಕ್ಕರೆಯನ್ನು ಅಳೆದು ಬಳಸಿದರೆ ನಿಜಕ್ಕೂ ದುಡ್ಡು ಉಳಿಯುತ್ತಿತ್ತು. ಮಿತವ್ಯಯದ ಉಪದೇಶ ಆ ಕಾಲಕ್ಕೆ ಸರಿಯಾದ ಅರ್ಥಶಾಸ್ತ್ರವೇ ಆಗಿತ್ತು. ಈಗ ಆ ನಾಲ್ಕು ಭಾರಗಳೂ ಸಂಬಳದ ಮೇಲೆ ಬಂದು ಕೂತಿವೆ, ಉಪದೇಶ ಮಾತ್ರ ಬದಲಾಗಿಲ್ಲ.

ಸರ್ಕಾರದ ಸಮೀಕ್ಷೆಗಳೂ ಇದನ್ನೇ ಹೇಳುತ್ತವೆ. 1999–2000ರಲ್ಲಿ ಭಾರತದ ನಗರವಾಸಿಗಳ ಬಳಕೆ ವೆಚ್ಚದಲ್ಲಿ ಆಹಾರದ ಪಾಲು ಸುಮಾರು ಶೇ 48 ಇತ್ತು. 2023–24ರಲ್ಲಿ ಅದು ಶೇ 40ಕ್ಕೂ ತುಸು ಕೆಳಗಿದೆ. ಹೋಟೆಲಿನ ತಿಂಡಿ, ಪೊಟ್ಟಣದ ತಿನಿಸು ಎಲ್ಲವನ್ನೂ ಸೇರಿಸಿದ ಲೆಕ್ಕ ಇದು. ಈಗಿನವರು ತಿಂದೇ ಹಾಳಾಗುತ್ತಿದ್ದಾರೆ ಎನ್ನುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು.

ಹಳೆಯ ಗಾದೆಯ ಜಾಗಕ್ಕೆ ಈಚೆಗೆ ಒಂದು ಹೊಸ ಸೂತ್ರ ಬಂದಿದೆ: ಸಂಬಳದ ಶೇ 50 ಅಗತ್ಯಕ್ಕೆ, ಶೇ 30 ಆಸೆಗೆ, ಶೇ 20 ಉಳಿತಾಯಕ್ಕೆ. ಇದನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಎಲಿಜಬೆತ್ ವಾರೆನ್ ಮತ್ತು ಅವರ ಮಗಳು ಅಮೇಲಿಯಾ, 2005ರ ತಮ್ಮ ಪುಸ್ತಕದಲ್ಲಿ. ಸೂತ್ರ ಹೇಳುವವರು ಅದೇ ತಾಯಿ ಮಗಳು ಎರಡು ವರ್ಷ ಮೊದಲು, 2003ರಲ್ಲಿ ಬರೆದ ಇನ್ನೊಂದು ಪುಸ್ತಕದ ಸುದ್ದಿ ಎತ್ತುವುದಿಲ್ಲ. ಇಬ್ಬರು ದುಡಿಯುವ ಮಧ್ಯಮ ವರ್ಗದ ಕುಟುಂಬಗಳು ದಿವಾಳಿಯಾಗುತ್ತಿರುವುದು ಬಟ್ಟೆಗೂ ಹೋಟೆಲಿಗೂ ದುಂದು ಮಾಡಿದ್ದರಿಂದಲ್ಲ, ಒಳ್ಳೆಯ ಶಾಲೆಯಿರುವ ಬಡಾವಣೆಯ ಮನೆಸಾಲ, ಆರೋಗ್ಯದ ವೆಚ್ಚ, ಮಕ್ಕಳ ಪಾಲನೆಯಂಥ ತಪ್ಪಿಸಲಾಗದ ಖರ್ಚುಗಳಿಂದ ಎಂದು ಆ ಪುಸ್ತಕ ವಾದಿಸಿತ್ತು. ರೋಗ ಯಾವುದೆಂದು ಹೇಳಿದ ಪುಸ್ತಕವನ್ನು ಬಿಟ್ಟು ಪಥ್ಯದ ಚೀಟಿಯನ್ನಷ್ಟೇ ನಾವು ಆಮದು ಮಾಡಿಕೊಂಡಿದ್ದೇವೆ. ಮೇಲಿನ ಮನೆಗೆ ಸೂತ್ರವನ್ನು ಹಚ್ಚಿ ನೋಡಿ. ಅಗತ್ಯದ ಪಾಲು 37,500. ಬಾಡಿಗೆ ಮತ್ತು ದಿನಸಿ ಎರಡಕ್ಕೇ 36,000 ಮುಗಿದುಹೋಗುತ್ತದೆ. ಅಪ್ಪನ ಸಕ್ಕರೆ ಕಾಯಿಲೆಯ ಮಾತ್ರೆ ಅಗತ್ಯವೋ ಆಸೆಯೋ? ತಂಗಿಯ ಮದುವೆಗೆ ಕಟ್ಟುತ್ತಿರುವ ಚೀಟಿ? ನೆಂಟರ ಗೃಹಪ್ರವೇಶಕ್ಕೆ ಮಾಡಬೇಕಾದ ಮುಯ್ಯಿ? ನಮ್ಮ ಸಂಸಾರಗಳ ಬೇರು ಇರುವುದೇ ಇಂಥ ಖರ್ಚುಗಳಲ್ಲಿ, ಆ ಸೂತ್ರದಲ್ಲಿ ಇವಕ್ಕೆ ಜಾಗವಿಲ್ಲ.

ನನಗೆ ಹೆಚ್ಚು ನೋವು ಕೊಡುವ ವಿಷಯಕ್ಕೆ ಬರುತ್ತೇನೆ. ಸಣ್ಣ ಖರ್ಚು ಎಂದು ಕರೆಯುವುದೆಲ್ಲ ಹೆಂಗಸಿನ ಕೈಯಲ್ಲಿ ನಡೆಯುವ ಖರ್ಚು. ಒಂದು ಮೊಳ ಹೂವು, ಮಗುವಿಗೆ ಬಣ್ಣದ ಪೆನ್ಸಿಲ್ಲು, ಮನೆಗೆಲಸದವಳಿಗೆ ಹಬ್ಬಕ್ಕೆ ಕೊಟ್ಟ ಸೀರೆ. ಬರೆದಿಡುವ ಪುಸ್ತಕದಲ್ಲಿ ತಪಾಸಣೆಗೆ ಒಳಗಾಗುವವು ಇವೇ. ದೊಡ್ಡ ಗಾಡಿ ಕೊಳ್ಳುವುದು, ಊರಾಚೆಯ ಬಡಾವಣೆಯಲ್ಲಿ ಸೈಟಿಗೆ ಅಡ್ವಾನ್ಸ್ ಕೊಡುವುದು, ಅಣ್ಣನ ಸಾಲಕ್ಕೆ ಜಾಮೀನು ಹಾಕುವುದು ಗಂಡಸರ ತೀರ್ಮಾನಗಳು. ಅವು ಆ ಪುಸ್ತಕದೊಳಗೆ ಬರುವುದೇ ಇಲ್ಲ. ನಲವತ್ತು ರೂಪಾಯಿಗೆ ವಿವರಣೆ ಕೊಡಬೇಕಾದವಳಿಗೆ ನಾಲ್ಕು ಲಕ್ಷದ ಸುದ್ದಿ ಕೊನೆಗೆ ತಿಳಿಯುತ್ತದೆ. ಹಿಂದೆ ಅವಳಿಗೆ ಸಾಸಿವೆ ಡಬ್ಬಿಯಾದರೂ ಇತ್ತು. ಯಾರಿಗೂ ಹೇಳದೆ ಕೂಡಿಟ್ಟ ನೋಟುಗಳು ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಾಗ ಹೊರಬರುತ್ತಿದ್ದವು. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದಾಗ ಆ ಡಬ್ಬಿಗಳು ಗಂಡಂದಿರ ಮುಂದೆ ಬರಿದಾಗಬೇಕಾಯಿತು. ಈಗ ಸೊಪ್ಪು ಮಾರುವವರ ಬಳಿಯೂ ಕ್ಯೂಆರ್ ಕೋಡ್ ಇದೆ, ದುಡ್ಡೆಲ್ಲ ಫೋನಿನಿಂದಲೇ ಹೋಗುತ್ತದೆ, ಆ ಖಾತೆ ಬಹಳ ಮನೆಗಳಲ್ಲಿ ಗಂಡನದು. ಖರ್ಚು ತಗ್ಗಿಸಿ ಎನ್ನುವ ಸಲಹೆ ಇಂಥ ಮನೆಗೆ ಹೋದಾಗ ಅದು ಹಣಕಾಸಿನ ಸಲಹೆಯಾಗಿ ಉಳಿಯುವುದಿಲ್ಲ, ಹೆಂಡತಿಯ ಮೇಲಿನ ಕಾವಲಾಗುತ್ತದೆ.

ಹಾಗಾದರೆ ಮನಸ್ಸಿಗೆ ಬಂದಂತೆ ಖರ್ಚು ಮಾಡಬಹುದೇ ಎಂದು ಕೇಳುವವರಿದ್ದಾರೆ. ಖಂಡಿತ ಇಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಫೋನು ಕೊಂಡು ಪ್ರತಿ ತಿಂಗಳೂ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಾ ಹೋದರೆ ಬಡ್ಡಿ ವರ್ಷಕ್ಕೆ ಶೇ 40ರ ಹತ್ತಿರ ಬರುತ್ತದೆ. ಇದು ಅಪಾಯ. ಆದರೆ ಅದು ಸಾಲ, ದಿನದ ಖರ್ಚಲ್ಲ. ದೊಡ್ಡ ತೀರ್ಮಾನಗಳ ಸಾಲಿನಲ್ಲೇ ಅದನ್ನೂ ಕೂರಿಸಬೇಕು.

ದೊಡ್ಡ ತೀರ್ಮಾನಗಳಲ್ಲೂ ಒಂದು ಒಪ್ಪಿತ ನಂಬಿಕೆ ಎಳೆಯ ಸಂಸಾರಗಳನ್ನು ತುಂಬ ದಣಿಸಿದೆ: ಬಾಡಿಗೆ ಕೊಡುವುದು ದಂಡ, ಅದೇ ದುಡ್ಡನ್ನು ಕಂತಾಗಿ ಕಟ್ಟಿದರೆ ಸ್ವಂತ ಮನೆಯಾಗುತ್ತದೆ. ಇಪ್ಪತ್ತು ವರ್ಷಕ್ಕೆ ಶೇ 7ರ ಬಡ್ಡಿಯಲ್ಲಿ 40 ಲಕ್ಷ ಸಾಲ ಮಾಡಿದರೆ ತಿಂಗಳ ಕಂತು ಸುಮಾರು 31,000. 22,000ದ ಬಾಡಿಗೆ ಅದೇ ದುಡ್ಡು ಆಗಲೇ ಇಲ್ಲ. ಜೊತೆಗೆ ನೋಂದಣಿ ಶುಲ್ಕ ಇದೆ. 2025ರ ಆಗಸ್ಟ್ ಕೊನೆಯಲ್ಲಿ ಕರ್ನಾಟಕ ಅದನ್ನು ಶೇ 1ರಿಂದ ಶೇ 2ಕ್ಕೆ ಏರಿಸಿತು, 50 ಲಕ್ಷದ ಫ್ಲ್ಯಾಟಿಗೆ ಅದೊಂದೇ ಒಂದು ಲಕ್ಷ. ಮುದ್ರಾಂಕ ಶುಲ್ಕ ಬೇರೆ, ಒಳಗಿನ ಮರಗೆಲಸ ಬೇರೆ, ತಿಂಗಳ ಮೇಂಟೆನೆನ್ಸ್ ಬೇರೆ. ಇದೆಲ್ಲಕ್ಕಿಂತ ದೊಡ್ಡದು ಬದಲಾಗುವ ಬಡ್ಡಿ. 2022ರ ಮೇ ತಿಂಗಳಿಗೆ ಮೊದಲು ಶೇ 4 ಇದ್ದ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ, 2023ರ ಫೆಬ್ರುವರಿ ಹೊತ್ತಿಗೆ ಶೇ 6.5 ಆಯಿತು. ಶೇ 7ರ ಸಾಲ ಶೇ 9.5ಕ್ಕೆ ಹೋಯಿತು ಎಂದರೆ ಅದೇ 40 ಲಕ್ಷದ ಮೇಲೆ ಒಂದು ತಿಂಗಳ ಬಡ್ಡಿಯೇ 31,600 ದಾಟುತ್ತದೆ. ಕಟ್ಟುತ್ತಿರುವ ಕಂತು ಬಡ್ಡಿಗೇ ಸಾಲದು. ಕಂತನ್ನು ಏರಿಸಿಕೊಂಡರೆ ತಿಂಗಳಿಗೆ ಸುಮಾರು 6,300 ಹೆಚ್ಚು ಕಟ್ಟಬೇಕು. ಕಂತು ಏರಿಸದೆ ಅವಧಿಯನ್ನಷ್ಟೇ ಉದ್ದ ಮಾಡಿದ ಸಾಲಗಳಲ್ಲಿ ಮನೆಯವರಿಗೆ ಏನೂ ಗೊತ್ತಾಗಲೇ ಇಲ್ಲ. ಸಾಲ ನಿವೃತ್ತಿಯ ಆಚೆಗೆ ಜಾರಿತು. ಸ್ವಂತ ಮನೆ ಬೇಡ ಎನ್ನುತ್ತಿಲ್ಲ. ಮಗು ಎರಡು ವರ್ಷದ್ದಿರುವಾಗ, ಕೆಲಸ ಎಲ್ಲಿ ನೆಲೆಯೂರುತ್ತದೆ ಎಂದು ತಿಳಿಯದಿರುವಾಗ, ನೆಂಟರ ಮಾತಿಗೆ ನಾಚಿ ತರಾತುರಿಯಲ್ಲಿ ಸಹಿ ಹಾಕಬೇಡಿ ಎನ್ನುತ್ತಿದ್ದೇನೆ.

ಇನ್ನೂ ಒಂದು ಮಾತಿದೆ, ಅದನ್ನು ಮನೆಯೊಳಗೆ ಬಗೆಹರಿಸಲಾಗದು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿಯಿದೆ. 22,000ಕ್ಕೆ 2,20,000 ರೂಪಾಯಿ ಬಡ್ಡಿಯಿಲ್ಲದೆ ಇನ್ನೊಬ್ಬರ ಬಳಿ ಕೂತಿರುತ್ತದೆ. ಮನೆ ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಕೂಡದು ಎನ್ನುತ್ತದೆ. ಅದು ಮಾದರಿಯಷ್ಟೇ, ರಾಜ್ಯ ಅಳವಡಿಸಿಕೊಂಡರೆ ಮಾತ್ರ ಜಾರಿ. ಶಾಲೆಯ ಡೊನೇಷನ್ನನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ 1984ರಿಂದ ಇದೆ. ಅದರ ಬಲ ಎಷ್ಟೆಂದು ಮಗುವಿಗೆ ಸೀಟು ಹುಡುಕಿದ ಪ್ರತಿಯೊಬ್ಬರಿಗೂ ಗೊತ್ತು. ಇವೆರಡೂ ಸರಿಯಾಗಿ ಜಾರಿಯಾದರೆ ಎಳೆಯ ಸಂಸಾರವೊಂದಕ್ಕೆ ಆಗುವ ಉಳಿತಾಯ ಹತ್ತು ವರ್ಷ ಕಾಫಿ ಬಿಟ್ಟರೂ ಆಗದು. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಬಂದಾಗ ಅದನ್ನು ಬಿಟ್ಟಿ ಎಂದು ಹಳಿದವರು ಬಹಳ. ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ತಾಯಿಗೆ ಸಾವಿರ ರೂಪಾಯಿ ದಾಟಿದ ತಿಂಗಳ ಪಾಸು ಅದರಿಂದ ಉಳಿಯಿತು. ಯಾವ ಲೆಕ್ಕದ ಪುಸ್ತಕವೂ ಅವಳಿಗೆ ಅಷ್ಟನ್ನು ಉಳಿಸಿಕೊಡುತ್ತಿರಲಿಲ್ಲ.

ಮನೆಯೊಳಗೆ ಮಾಡಬಹುದಾದದ್ದು ಇಷ್ಟು. ಲೆಕ್ಕವನ್ನು ತಿಂಗಳಿಗೆ ಹಾಕದೆ ವರ್ಷಕ್ಕೆ ಹಾಕಿ, ಏಕೆಂದರೆ ಮೇ–ಜೂನ್‌ನ ಫೀಸು, ಸಮವಸ್ತ್ರ, ಪುಸ್ತಕ, ಗೌರಿ ಹಬ್ಬದಿಂದ ದೀಪಾವಳಿಯವರೆಗಿನ ಸಾಲು ಖರ್ಚು, ಊರ ಜಾತ್ರೆ, ವಿಮೆಯ ಕಂತು, ಯಾವುದೂ ತಿಂಗಳಿನ ಪಟ್ಟಿಗೆ ಸಿಗುವುದಿಲ್ಲ, ಸಿಗದ್ದರಿಂದಲೇ ಸಾಲವಾಗುತ್ತದೆ. ಅಗ್ರಿಮೆಂಟು ಮುಗಿಯಲು ಎರಡು ತಿಂಗಳಿರುವಾಗಲೇ ಅಕ್ಕಪಕ್ಕದ ಬಾಡಿಗೆ ವಿಚಾರಿಸಿಕೊಂಡು ಮಾಲೀಕರೊಡನೆ ಮಾತಿಗೆ ಕೂರಿ. ಆ ಮಾತಿಗೆ, ಶಾಲೆ ಆರಿಸುವ ದಿನಕ್ಕೆ, ಬ್ಯಾಂಕಿಗೆ ಸಹಿ ಹಾಕುವ ಮುನ್ನಾ ದಿನಕ್ಕೆ ಇಬ್ಬರೂ ಇರಬೇಕು. ಅವಳ ಹೆಸರಿನಲ್ಲಿ, ಯಾರೂ ಲೆಕ್ಕ ಕೇಳದ ಒಂದು ಖಾತೆ ಇರಲಿ. ಈಗಾಗಲೇ ಗೃಹಸಾಲ ಇರುವವರು ಇವತ್ತೇ ಒಂದು ಕೆಲಸ ಮಾಡಿ: ಸಾಲ ಮುಗಿಯುವ ವರ್ಷ ಯಾವುದು ಎಂದು ಬ್ಯಾಂಕಿನಿಂದ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಬಡ್ಡಿ ಬದಲಾದಾಗ ಕಂತು ಏರಿಸಬೇಕೋ ಅವಧಿ ಹಿಗ್ಗಿಸಬೇಕೋ ಎಂದು ಆರಿಸಿಕೊಳ್ಳುವ ಅವಕಾಶವನ್ನು ಸಾಲಗಾರನಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲೇ ಆದೇಶಿಸಿದೆ.