ವಿದ್ಯಾರ್ಥಿ ಭವನ: ದೋಸೆಯ ರುಚಿ, ಹರಟೆಯ ಬಿಡುವು

ಬೆಂಗಳೂರಿನ ಗಾಂಧಿಬಜಾರಿನಲ್ಲಿರುವ ವಿದ್ಯಾರ್ಥಿ ಭವನ 1943ರಲ್ಲಿ ಶುರುವಾದ ಹೋಟೆಲು. ಸಾಲಿಗ್ರಾಮದ ಕಡೆಯಿಂದ ಬಂದ ವೆಂಕಟರಮಣ ಉರಾಳರು ಸುತ್ತಲಿನ ಶಾಲೆಗಳ ಹುಡುಗರನ್ನು ನೆಚ್ಚಿಕೊಂಡು ಇದನ್ನು ತೆರೆದರು. ಹೆಸರು ಬಂದದ್ದೂ ಹಾಗೆಯೇ. 1970ರಲ್ಲಿ ಹೋಟೆಲು ರಾಮಕೃಷ್ಣ ಅಡಿಗರ ಕೈಗೆ ಬಂತು. ಗೆಳೆಯರ ಗುಂಪು ಕಟ್ಟಿಕೊಂಡು ಇಲ್ಲಿಗೆ ಬೆಳಗಿನ ತಿಂಡಿಗೆ ಹೋಗುವುದು ನಗರದ ಹಳೆಯ ರೂಢಿ. ಈ ರೂಢಿಯನ್ನು ತೂಗಬೇಕಾದ್ದು ಮೂರು ಅಂಶಗಳಿಂದ: ತಿಂಡಿ, ಬಡಿಸುವ ಕ್ರಮ, ಮಾತಿಗೆ ಸಿಗುವ ಬಿಡುವು.

ಇಲ್ಲಿಗೆ ಬರುವ ಬಹುಪಾಲು ಜನರ ಗುರಿ ಮಸಾಲೆ ದೋಸೆ. ಕಾಗದದಂತೆ ತೆಳ್ಳಗೆ, ಮೇಜಿನುದ್ದ ಚಾಚಿಕೊಳ್ಳುವ ದೋಸೆಯಲ್ಲ ಇದು. ಅಂಗೈಯಗಲಕ್ಕಿಂತ ತುಸು ದೊಡ್ಡದು, ದಪ್ಪ. ಹೊರಮೈ ತುಪ್ಪದಲ್ಲಿ ಕೆಂಪಗೆ ಬೆಂದು ಗರಿಗರಿಯಾಗಿರುತ್ತದೆ, ಮುರಿದರೆ ಒಳಪದರ ಮೆತ್ತಗೆ. ಆಲೂಗಡ್ಡೆ ಪಲ್ಯ ಹದವಾಗಿದ್ದು, ದೋಸೆಯ ರುಚಿಯನ್ನು ಮೀರಲು ಹೋಗುವುದಿಲ್ಲ. ಸಾಂಬಾರಿಲ್ಲ, ತೆಳ್ಳನೆಯ ಚಟ್ನಿ ಮಾತ್ರ. ಇದನ್ನು ಕೊರತೆ ಎನ್ನುವವರಿದ್ದಾರೆ. ಆದರೆ ಸಾಂಬಾರಿನಲ್ಲಿ ನೆನೆದರೆ ಹೋಗುವುದು ಆ ಗರಿಯೇ. ಚಟ್ನಿಯಷ್ಟೇ ಕೊಡುವುದು ದೋಸೆಯ ಗುಣ ತಿಳಿದು ಮಾಡಿದ ನಿರ್ಧಾರ. ತುಪ್ಪ ಒಗ್ಗದವರಿಗೆ ಮಾತ್ರ ಎರಡನೆಯ ದೋಸೆ ಭಾರವೆನಿಸುತ್ತದೆ.

ಬಡಿಸುವ ಕ್ರಮವೇ ಒಂದು ಕಸುಬು. ಪಂಚೆ ಉಟ್ಟ ಮಾಣಿ ಮುಂಗೈಯಿಂದ ತೋಳಿನವರೆಗೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು, ಇಕ್ಕಟ್ಟಿನ ಮೇಜುಗಳ ನಡುವೆ ನಡೆದು, ಒಂದೊಂದನ್ನೇ ಜಾರಿಸುತ್ತಾನೆ. ಹಿಂದೆಯೇ ಚಟ್ನಿ ಬರುತ್ತದೆ. ಸಂದಣಿಯಲ್ಲೂ ದೋಸೆ ಬಿಸಿಯಾಗಿ ಮೇಜು ತಲುಪುವುದು ಈ ಕೈಚಳಕದಿಂದ.

ತೊಡಕಿರುವುದು ಮೂರನೆಯ ಅಂಶದಲ್ಲಿ. ಗೋಡೆಗಳ ಮೇಲೆ ಕನ್ನಡದ ಸಾಹಿತಿಗಳ, ಗಣ್ಯರ ರೇಖಾಚಿತ್ರಗಳಿವೆ. ಕವಿ ನಿಸಾರ್ ಅಹಮದರು ತಮ್ಮ ಮೊದಲ ಸಂಕಲನಕ್ಕೆ ‘ಮನಸು ಗಾಂಧಿಬಜಾರು’ (1960) ಎಂದೇ ಹೆಸರಿಟ್ಟರು. ಹರಟೆ ಈ ಬೀದಿಯ ಖ್ಯಾತಿಯ ಭಾಗ. ಆದರೆ ಇಂದು ಭಾನುವಾರ ಬೆಳಿಗ್ಗೆ ಹೋದವರು ಹೆಸರು ಬರೆಸಿ ಹೊರಗೆ ಕಾಯಬೇಕು. ಒಳಗೆ ಜಾಗ ಸಿಕ್ಕರೂ ಒಂದೇ ಗುಂಪಿಗೆ ಒಂದೇ ಮೇಜು ಸಿಗುವ ಭರವಸೆಯಿಲ್ಲ. ಅಪರಿಚಿತರ ಪಕ್ಕ ಕೂರಬೇಕಾದೀತು. ಬಾಗಿಲಲ್ಲಿ ಕಾಯುವವರ ಕಣ್ಣು ತಟ್ಟೆಯ ಮೇಲಿರುವಾಗ ಕಾಫಿ ಹೀರುತ್ತಾ ವಾದಕ್ಕಿಳಿಯುವುದು ಕಷ್ಟ. ಹೀಗಾಗಿ ಮಾತುಕತೆ ಮೇಜಿನಿಂದ ಫುಟ್‌ಪಾತಿಗೆ ಸರಿದಿದೆ: ಅರ್ಧ ಕಾಯುವಾಗ, ಅರ್ಧ ತಿಂದು ಹೊರಬಂದ ಮೇಲೆ.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಈ ಸಮಸ್ಯೆಯನ್ನು ಬೇರೆ ಬಗೆಯಲ್ಲಿ ಪರಿಹರಿಸಿಕೊಂಡಿದೆ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್ ಇಷ್ಟೇ ತಿಂಡಿ. ನಿಂತೇ ತಿನ್ನುವ ಜಾಗವಾದ್ದರಿಂದ ಕೂತು ಹರಟುವ ಆಸೆಯನ್ನೇ ಅದು ಹುಟ್ಟಿಸುವುದಿಲ್ಲ. ವಿದ್ಯಾರ್ಥಿ ಭವನದಲ್ಲಿ ಮೇಜು-ಕುರ್ಚಿಯೂ ಉಂಟು, ಸಾಹಿತಿಗಳ ನೆನಪೂ ಉಂಟು. ಆದ್ದರಿಂದಲೇ ನಿರೀಕ್ಷೆ ಹೆಚ್ಚು, ನಿರಾಸೆಯೂ ಹೆಚ್ಚು.

ಒಟ್ಟಿನಲ್ಲಿ, ಅಡುಗೆಮನೆ ತನ್ನ ಹೆಸರನ್ನು ಉಳಿಸಿಕೊಂಡಿದೆ. ಬಿಡುವನ್ನು ನುಂಗಿರುವುದು ಆ ಹೆಸರೇ. ವಾರದ ನಡುವಿನ ದಿನ, ಮೂರು-ನಾಲ್ಕು ಮಂದಿ ಹೋದರೆ ದೋಸೆ, ಹರಟೆ ಎರಡೂ ದಕ್ಕುವ ಸಂಭವ ಹೆಚ್ಚು. ಶುಕ್ರವಾರ ಹೋಟೆಲಿಗೆ ರಜೆ.